ಉಳ್ಳಾಗಡ್ಡಿ ದರ ಯಾಕೆ ಇಳಿಯಿತು?

ರೊಟ್ಟಿ ಜೊತೆ ಕಡಿಯಲು ಉಳ್ಳಾಗಡ್ಡಿ ಬೇಕು. ಒಗ್ಗರಣೆಗೂ ಬೇಕು. ಧಾರವಾಡ ಜಿಲ್ಲೆಯ ಹೊಲಗಳಲ್ಲಿ ಅದನ್ನು ಬೆಳೆಯುತ್ತೇವೆ. ಚೀಲ ತುಂಬಿ ಹುಬ್ಬಳ್ಳಿಯ ಅಮರಗೋಳದ ಎ.ಪಿ.ಎಂ.ಸಿ.ಗೆ ಒಯ್ಯುತ್ತೇವೆ.

ನಮ್ಮ ದೇಶದ ಉಳ್ಳಾಗಡ್ಡಿ ಬಾಂಗ್ಲಾದೇಶ, ಶ್ರೀಲಂಕಾ, ಮಲೇಶಿಯಾ, ಅರಬ್ ದೇಶಗಳಿಗೂ ಹೋಗುತ್ತದೆ. ಹೀಗೆ ಹೊರದೇಶಕ್ಕೆ ಮಾಲು ಕಳಿಸುವುದೇ ರಫ್ತು. ಹೊರಗಿನಿಂದ ತರಿಸುವುದು ಆಮದು.

2023ರಲ್ಲಿ ಮಳೆ ಕೈಕೊಟ್ಟಿತು. ಕರ್ನಾಟಕದಲ್ಲಿ ಬರ ಬಿತ್ತು. ಬೆಳೆ ಕಡಿಮೆಯಾದರೆ ದರ ಏರುತ್ತದೆ. ಕೊಳ್ಳುವವರಿಗೆ ತ್ರಾಸ. ಅದಕ್ಕೆ ಕೇಂದ್ರ ಸರ್ಕಾರ ಆಗಸ್ಟ್‌ನಲ್ಲಿ ರಫ್ತಿಗೆ ಸುಂಕ ಹಾಕಿತು. 100 ರೂಪಾಯಿ ಮಾಲಿಗೆ 40 ರೂಪಾಯಿ ಸುಂಕ. ಆದರೂ ದರ ಏರಿತು. ಡಿಸೆಂಬರ್ 8ರಂದು ರಫ್ತನ್ನೇ ನಿಲ್ಲಿಸಿತು. ದೇಶದ ಬಾಗಿಲು ಮುಚ್ಚಿದಂತಾಯಿತು.

ಹೊರಗೆ ಹೋಗುವ ಮಾಲು ಇಲ್ಲೇ ಉಳಿಯಿತು. ದರ ಇಳಿಯಿತು.

"ಚಲೋ ಆತು. ಉಳ್ಳಾಗಡ್ಡಿ ಸೋವಿ ಆತು" ಎಂದು ಪೇಟೆಯ ಅಕ್ಕ ಅನ್ನಬಹುದು.

"ನಿನಗ ಸೋವಿ ಆತವ್ವಾ. ನಮಗ ಬೀಜ, ಗೊಬ್ಬರದ ರೊಕ್ಕಾನೂ ಹುಟ್ಟಲಿಲ್ಲ" ಎಂದು ಹಳ್ಳಿಯ ತಂಗಿ ಅನ್ನಬಹುದು.

ಇಬ್ಬರ ಮಾತೂ ಖರೆ. ಆದರೆ ರೈತರ ಕೈಯಲ್ಲಿ ರೊಕ್ಕ ಇಲ್ಲದಿದ್ದರೆ ಕಳೆ ತೆಗೆಯುವ ನಮ್ಮ ಕೂಲಿಯೂ ತಡವಾಗುತ್ತದೆ. ಪೇಟೆಯ ಅಂಗಡಿಗಳಲ್ಲೂ ವ್ಯಾಪಾರ ತಗ್ಗುತ್ತದೆ. ಅತ್ತ ಬಾಂಗ್ಲಾದೇಶದ ಹೆಣ್ಣುಮಕ್ಕಳಿಗೆ ಉಳ್ಳಾಗಡ್ಡಿ ತುಟ್ಟಿಯಾಯಿತು.

ಬೇರೆ ದೇಶ ಬಾಗಿಲು ಮುಚ್ಚಿದರೆ ನಮಗೂ ಪೆಟ್ಟು. ನಮ್ಮ ದೇಶಕ್ಕೆ ಬೇಕಾದ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಬರುವುದು ಕಡಿಮೆಯಾಗಿತ್ತು. ಅದೇ ಏಪ್ರಿಲ್ 28ರಂದು ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ತನ್ನ ಜನರಿಗೆ ಎಣ್ಣೆ ಅಗ್ಗವಾಗಲಿ ಎಂಬುದು ಅದರ ಲೆಕ್ಕ. ಅದರ ಬಿಸಿ ನಮ್ಮ ಒಲೆಗೆ ತಟ್ಟಿತು. ಅಲ್ಲಿನ ತಾಳೆ ಬೆಳೆಗಾರರ ಮಾಲಿಗೂ ದರ ಬಿತ್ತು. ಅವರು ಬೀದಿಗೆ ಇಳಿದರು. ಮೇ 23ರಂದು ಬಾಗಿಲು ತೆರೆಯಿತು.

ನಮ್ಮ ಉಳ್ಳಾಗಡ್ಡಿಗೆ ಬಾಗಿಲು ತೆರೆದದ್ದು 2024ರ ಮೇ 4ರಂದು. ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ರಂದು. ಆದರೆ ನಮ್ಮ ಅಂಗಡಿ ಮುಚ್ಚಿದ್ದರೆ ಗಿರಾಕಿ ಕಾಯುತ್ತಾ ನಿಲ್ಲುತ್ತಾನೆಯೇ? ಬೇರೆ ಅಂಗಡಿಗೆ ಹೋಗುತ್ತಾನೆ. ದೇಶಗಳೂ ಹಾಗೆಯೇ.

ಹಾಗಾದರೆ ಬಾಗಿಲು ಎಂದೂ ಮುಚ್ಚಬಾರದೆ? ಹಸಿವಿನ ಕಾಲದಲ್ಲಿ ಮುಚ್ಚಬೇಕಾಗಬಹುದು. ಆದರೆ ಬೆಳೆದವರ ನಷ್ಟವನ್ನು ಯಾರು ತುಂಬಬೇಕು?

ಅಕ್ಕ ತಂಗಿಯರೇ, ಈ ಪ್ರಶ್ನೆಯನ್ನು ನಿಮ್ಮ ಕೇಂದ್ರದಲ್ಲಿ ಚರ್ಚೆ ಮಾಡಿರಿ. ಸಂತೆಗೆ ಹೋದಾಗ ಉಳ್ಳಾಗಡ್ಡಿ ದರ ಕೇಳಿ ಬರೆದಿಟ್ಟುಕೊಳ್ಳಿರಿ. ದರ ಏರಿದಾಗ, ಇಳಿದಾಗ ಯಾಕೆ ಎಂದು ಕೇಳಿರಿ.