ಕೆನ್ನೆಗೆ ‘ಕರೆಂಟು’ ಎಂದರೆ ಯಾವ ಕರೆಂಟು?

ಬೆಳಕವಾಡಿ: ಕರೆಂಟಿನ ಬಗ್ಗೆ ಇಲ್ಲಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹತ್ತಿರದಲ್ಲೇ ಶಿವನಸಮುದ್ರ. 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ತಂತಿ ಮುಟ್ಟಿದರೆ ಏನಾಗುತ್ತದೆಂದು ಚಿಕ್ಕ ಹುಡುಗರಿಗೂ ಗೊತ್ತು. ಅದು ಗೊತ್ತಿದ್ದದ್ದರಿಂದಲೇ ಈ ಕಡೆಯ ಯಜಮಾನರೊಬ್ಬರು ದೊಡ್ಡಾಸ್ಪತ್ರೆಯಿಂದ ಹೇಳದೆ ಕೇಳದೆ ಎದ್ದು ಬಂದುಬಿಟ್ಟರು!

ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ವಯಸ್ಸು ಅರವತ್ತರ ಮೇಲೆ. ಬಹಳ ವರ್ಷದಿಂದ ಎಲೆ, ಅಡಿಕೆ, ಹೊಗೆಸೊಪ್ಪು. ಕೆನ್ನೆಯೊಳಗಿನ ಹುಣ್ಣು ಕ್ಯಾನ್ಸರ್ ಎಂದಾಯಿತು. ಆಪರೇಷನ್ ಆಯಿತು. ಗಾಯ ಮಾಗುವ ಹೊತ್ತಿಗೆ ‘ಇನ್ನು ಕರೆಂಟು ಕೊಡಬೇಕು’ ಎಂದರು.

“ಕಂಬದ ಮೇಲೆ ಕರೆಂಟ್ ಹೊಡ್ದು ಬಿದ್ದೋರ್ನ ನೋಡಿವ್ನಿ ಕಣಪ್ಪ. ಅದ್ನ ತಂದು ನನ್ ಮುಖಕ್ಕೆ ಇಡ್ತೀವಿ ಅಂದ್ರೆ? ಬ್ಯಾಡ ಅಂದ್ಬುಟ್ಟೆ” ಎಂದರು ಯಜಮಾನರು.

ಹದಿನೈದು ದಿನ ಮನೆಯಲ್ಲೇ ಕುಳಿತರು. ಬಾಯಿಯ ಆಪರೇಷನ್ ಆದ ಮೇಲೆ ಈ ಚಿಕಿತ್ಸೆ ಬೇಕಾದವರಿಗೆ ಸಾಮಾನ್ಯವಾಗಿ ಆರು ವಾರದೊಳಗೆ ಶುರು ಮಾಡಬೇಕು. ತಡವಾದಷ್ಟೂ ರೋಗ ಮರುಕಳಿಸುವ ಭಯ. ಇದನ್ನು ಅವರಿಗೆ ಹೇಳಿದವರೇ ಇಲ್ಲ. ಹೇಳುವುದು ಹೇಗೆ? ಕ್ಯಾನ್ಸರ್ ಎಂಬ ಮಾತನ್ನೇ ಮಗ ಮುಚ್ಚಿಟ್ಟಿದ್ದ. “ಅಪ್ಪ ಎದೆ ಒಡ್ಕೋತಾರೆ ಅಂತ ಸಾರ್. ಡಾಕ್ಟರ್ ಹತ್ರ ನಾನೇ ಮಾತಾಡ್ದೆ, ಫಾರಂಗೂ ನಾನೇ ಸಹಿ ಹಾಕ್ದೆ.”

ಮಗನ ಪ್ರೀತಿ ಸರಿಯೇ. ಆದರೆ ಬಾಯಿ ಅಪ್ಪನದು! ತಾಯಿಯ ಒಪ್ಪಿಗೆ ಪಡೆದು ಮಗಳ ಗರ್ಭಕೋಶ ತೆಗೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ತೀರ್ಪು ಕೊಟ್ಟಿದೆ. ಜೀವಕ್ಕೆ ತುರ್ತು ಇಲ್ಲದಾಗ, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಪರವಾಗಿ ಮನೆಯವರು ಒಪ್ಪಿದರೆ ಸಾಲದು. ರೋಗಿಗೇ ತಿಳಿಸಿ, ರೋಗಿಯ ಒಪ್ಪಿಗೆಯನ್ನೇ ಪಡೆಯಬೇಕು.

ಎಲ್ಲ ತಪ್ಪನ್ನೂ ಡಾಕ್ಟರ ತಲೆಗೆ ಕಟ್ಟುವುದೂ ನ್ಯಾಯವಲ್ಲ. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆಯ ಬೆಳಗಿನ ಸಾಲು ನೋಡಿದವರಿಗೆ ಒಬ್ಬೊಬ್ಬ ರೋಗಿಗೆ ಸಿಗುವ ಹೊತ್ತು ಎಷ್ಟೆಂದು ಗೊತ್ತು. ನಾವಾದರೂ ಏನು? ಕಂಡಕ್ಟರ ಹತ್ತಿರ ಎರಡು ರೂಪಾಯಿ ಚಿಲ್ಲರೆಗೆ ಜಗಳ ಆಡುವವರು, ಡಾಕ್ಟರ ಮುಂದೆ ‘ಆಯ್ತು ಸಾರ್’ ಎಂದು ತಲೆಯಾಡಿಸಿ ಹೊರಗೆ ಬಂದು, ಆಮೇಲೆ ಕಾಂಪೌಂಡರನ್ನು ಕೇಳುತ್ತೇವೆ.

ಇಲ್ಲಿ ದಾರಿ ತೋರಿದ್ದು ಪಿಯುಸಿ ಓದುವ ಮೊಮ್ಮಗಳು. ‘ತಾತ, ನಿಂಗೇನು ಭಯ ಹೇಳು’ ಎಂದು ಕೂರಿಸಿಕೊಂಡು ನೋಟ್‌ಬುಕ್ ಹಾಳೆಯಲ್ಲಿ ಬರೆದಳು. ಶಾಕ್ ಹೊಡೀತದಾ? ಎಷ್ಟು ದಿನ? ಮುದ್ದೆ ನುಂಗಕ್ಕಾಗ್ತದಾ? ಮಾಡಿಸ್ಕೊಳ್ದಿದ್ರೆ ಏನಾಗ್ತದೆ? ಮೈಸೂರಲ್ಲೇ ಆಗ್ತದಾ, ಬೆಂಗಳೂರ್ಗೇ ಹೋಗ್ಬೇಕಾ?

ಈ ಸಲ ತಾತನೇ ಒಳಗೆ ಹೋಗಿ ಚೀಟಿ ಕೊಟ್ಟರು. ಡಾಕ್ಟರು ಓದಿ ನಕ್ಕರಂತೆ. ಆಮೇಲೆ ಅದರ ಹಿಂದೆಯೇ ಚಿತ್ರ ಬರೆದು ತೋರಿಸಿದರು. ಇದು ಕಂಬದ ಕರೆಂಟಲ್ಲ. ಎಕ್ಸ್‌ರೇ ಜಾತಿಯ ಕಿರಣ, ಅದಕ್ಕಿಂತ ಬಹಳ ಬಲವಾದದ್ದು. ಅಲುಗಾಡದೆ ಮಲಗಬೇಕು, ದಿನಕ್ಕೆ ಕೆಲವೇ ನಿಮಿಷ. ಕೊಡುವಾಗ ನೋವಿಲ್ಲ. ವಾರಕ್ಕೆ ಐದು ದಿನ, ಒಟ್ಟು ಆರು ವಾರ. ನಡುವೆ ಬಿಟ್ಟರೆ ಫಲ ಕಡಿಮೆ. ಬಾಯಿ ಹುಣ್ಣಾಗುತ್ತದೆ, ಒಣಗುತ್ತದೆ, ಮುದ್ದೆ ಕಷ್ಟ, ಗಂಜಿ ಕುಡಿಯಬೇಕು. ಮೊದಲು ಹಲ್ಲು ತೋರಿಸಿಕೊಂಡು ಬರಬೇಕು. ಕೊನೆಗೆ ‘ನಾನೇನು ಹೇಳ್ದೆ, ಈಗ ನೀವೇ ಹೇಳಿ’ ಎಂದು ಯಜಮಾನರ ಬಾಯಿಂದಲೇ ಹೇಳಿಸಿದರಂತೆ. ಎರಡು ತಪ್ಪು ಹೇಳಿದರು, ತಿದ್ದಿದರು.

ಇನ್ನೊಬ್ಬ ಡಾಕ್ಟರನ್ನು ಕೇಳಬೇಕೆನ್ನುವವರಿಗೆ ಒಂದು ಮಾತು. ಚಿಕಿತ್ಸೆಯ ದಾಖಲೆ ಬೇಕೆಂದು ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮವೇ ಹೇಳುತ್ತದೆ.

ಯಜಮಾನರು ಮೊನ್ನೆ ಶನಿವಾರ ಮಳವಳ್ಳಿ ಬಸ್ಸಿನಲ್ಲಿ ಸಿಕ್ಕಿದರು. ಮೂವತ್ತರಲ್ಲಿ ಹತ್ತು ಮುಗಿದಿದೆ. ಅದೇ ಚೀಟಿಯ ಮೇಲೆ ದಿನಕ್ಕೊಂದು ಗೀಟು ಹಾಕಿಕೊಂಡಿದ್ದಾರೆ. “ಶಾಕ್ ಏನಿಲ್ಲ ಕಣಪ್ಪ. ಸಾರಿನ ರುಚಿಯೇ ಗೊತ್ತಾಯ್ತಿಲ್ಲ, ಅಷ್ಟೆಯ. ಸೋಮ್ವಾರ ಅದ್ನೂ ಬರ್ಕೊಂಡ್ ಹೋಗಿ ಕೇಳ್ತೀನಿ” ಎಂದರು.