ಕೈಸರಪಳಿಯ ಕೊಂಡಿಯನ್ನು ಬಿಡಿಸುವ ಬಗೆ

ಅಜ್ಜಿಯ ಬೆಳ್ಳಿಯ ಕೈಸರಪಳಿ ಮೊಮ್ಮಗಳ ಮಣಿಕಟ್ಟಿಗೆ ಸಡಿಲವಾಗುವುದು ಸ್ವಾಭಾವಿಕ. ಕೆಲವು ಕೊಂಡಿಗಳನ್ನು ತೆಗೆದರೆ ಅದು ಸರಿಹೋಗುತ್ತದೆ. ಇದು ಮನೆಯಲ್ಲಿಯೇ ಮಾಡಬಹುದಾದ ಕೆಲಸ. ಆದರೆ ಲೋಹದ ಗುಣವನ್ನರಿಯದೆ ಕೈಹಾಕಿದರೆ ಸರಪಳಿ ಎಂದೋ ಒಂದು ದಿನ ಸದ್ದಿಲ್ಲದೆ ಕಳಚಿ ಬೀದಿಯ ಪಾಲಾದೀತು.

ಮೊದಲು ಅಳತೆಯನ್ನು ನೋಡೋಣ. ಮಣಿಕಟ್ಟಿಗೆ ದಾರ ಸುತ್ತಿ ಅಳೆದಾಗ 15 ಸೆಂ.ಮೀ. ಬಂದಿತೆಂದು ಭಾವಿಸಿ. ಸರಪಳಿಗೂ ಅಷ್ಟೇ ಉದ್ದ ಸಾಕೆ? ಸಾಲದು. ಸರಪಳಿಗೆ ದಪ್ಪವಿದೆ, ಅದರ ಮಧ್ಯರೇಖೆ ಚರ್ಮದಿಂದ ಅರ್ಧ ದಪ್ಪದಷ್ಟು ಹೊರಗಿನ ವೃತ್ತದಲ್ಲಿರುತ್ತದೆ. ಆದುದರಿಂದ ದಪ್ಪದ ಸುಮಾರು 3.14 ಪಟ್ಟು ಹೆಚ್ಚು ಉದ್ದ ಬೇಕು. ದಪ್ಪ 4 ಮಿ.ಮೀ. ಆದರೆ ಈ ಹೆಚ್ಚಳ ಸುಮಾರು 12.5 ಮಿ.ಮೀ. ಕೈಯಾಡಲು ಇನ್ನೊಂದು ಸೆಂ.ಮೀ. ಸೇರಿಸಿದರೆ, ಕೊಕ್ಕೆಯೂ ಸೇರಿ ಒಟ್ಟು 17.25 ಸೆಂ.ಮೀ. ಆಗುತ್ತದೆ.

ಇನ್ನು ಕೊಂಡಿಯನ್ನು ಬಿಡಿಸಬೇಕು. ತುದಿಗಳು ಕೂಡುವಲ್ಲಿ ಸಣ್ಣ ಗೆರೆ ಕಂಡರೆ ಅದಕ್ಕೆ ಬೆಸುಗೆಯಿಲ್ಲವೆಂದು ತಿಳಿಯಬಹುದು. ಎರಡು ಸಣ್ಣ ಇಕ್ಕಳಗಳಿಂದ ಗೆರೆಯ ಎರಡು ಪಕ್ಕಗಳನ್ನೂ ಹಿಡಿದು, ಒಂದು ತುದಿಯನ್ನು ನಿಮ್ಮ ಕಡೆಗೂ ಇನ್ನೊಂದನ್ನು ಆಚೆಗೂ ಓರೆಯಾಗಿ ಸರಿಸಬೇಕು. ಎಡಬಲಕ್ಕೆ ಎಳೆದು ಬಾಯಿ ತೆರೆಯಬಾರದು.

ಇದಕ್ಕೆ ಕಾರಣವೇನು? ಎಡಬಲಕ್ಕೆ ಎಳೆದಾಗ ಬಾಯಿಗೆ ನೇರ ಎದುರಿನ ಭಾಗವೇ ಹೆಚ್ಚು ಬಾಗಿ, ಕೊಂಡಿಯ ವೃತ್ತಾಕಾರವೇ ಕೆಡುತ್ತದೆ. ಮತ್ತೆ ಮುಚ್ಚಿದರೂ ಹಳೆಯ ದುಂಡು ಬರುವುದಿಲ್ಲ. ಓರೆಯಾಗಿ ಸರಿಸಿದಾಗಲಾದರೋ ತಂತಿ ಸ್ವಲ್ಪ ಬಾಗುತ್ತದೆ, ಸ್ವಲ್ಪ ತಿರುಚಿಕೊಳ್ಳುತ್ತದೆ. ವೃತ್ತದ ಬಾಗು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಮುಚ್ಚುವಾಗ ಸ್ಥಿತಿಸ್ಥಾಪಕತ್ವವನ್ನು ಮರೆಯಬಾರದು. ಇಕ್ಕಳ ಬಿಟ್ಟೊಡನೆ ತಂತಿ ತುಸು ಹಿಂದಕ್ಕೆ ಚಿಮ್ಮುತ್ತದೆ. ಆದುದರಿಂದ ತುದಿಗಳನ್ನು ಕೂಡುವ ಜಾಗಕ್ಕಿಂತ ಕೂದಲೆಳೆಯಷ್ಟು ಮುಂದಕ್ಕೆ ಒಯ್ದು ಬಿಡಬೇಕು. ಆಗ ಅವು ಎದುರುಬದುರಾಗಿ ನಿಲ್ಲುತ್ತವೆ. ಪಕ್ಕದ ಕೊಂಡಿಯ ತಂತಿ ನುಸುಳುವಷ್ಟು ಸಂದು ಉಳಿದರೆ ಸರಪಳಿ ಕಳೆದಂತೆಯೇ ಸರಿ.

ಒಂದೇ ಕೊಂಡಿಯನ್ನು ಪದೇ ಪದೇ ಬಿಡಿಸುವುದೂ ಅಪಾಯ. ಲೋಹದ ಸ್ಫಟಿಕಗಳಲ್ಲಿ ಪರಮಾಣುಗಳ ಸಾಲು ಅಲ್ಲಲ್ಲಿ ತಪ್ಪಿರುತ್ತದೆ. ಈ ಸ್ಥಾನಭ್ರಂಶಗಳು ಸರಿಯುವುದರಿಂದಲೇ ಲೋಹ ಮುರಿಯದೆ ಬಾಗುತ್ತದೆಂದು 1934ರಲ್ಲಿ ಟೇಲರ್, ಓರೋವಾನ್, ಪೋಲಾನ್ಯಿ ಎಂಬ ಮೂವರು ಬೇರೆಬೇರೆಯಾಗಿ ಸೂಚಿಸಿದರು. ಬಾಗಿಸಿದಷ್ಟೂ ಸ್ಥಾನಭ್ರಂಶಗಳು ಹೆಚ್ಚಿ, ಒಂದರ ದಾರಿಗೆ ಇನ್ನೊಂದು ಅಡ್ಡವಾಗುತ್ತದೆ. ಲೋಹ ಗಡುಸಾಗುತ್ತದೆ, ಕೊನೆಗೆ ಬಿರುಕುಬಿಟ್ಟು ಮುರಿಯುತ್ತದೆ. ಅಕ್ಕಸಾಲಿಗನು ಬೆಳ್ಳಿಯನ್ನು ನಡುನಡುವೆ ಕಾಯಿಸುವುದು ಇದಕ್ಕಾಗಿಯೇ. ಆ ಶಾಖದಲ್ಲಿ ಹೊಸ ಸ್ಫಟಿಕಗಳು ಬೆಳೆದು ಲೋಹ ಮತ್ತೆ ಮೃದುವಾಗುತ್ತದೆ.

ಇದನ್ನೆಲ್ಲ ಆಭರಣದ ಮೇಲೆಯೇ ಪರೀಕ್ಷಿಸಬೇಕಾಗಿಲ್ಲ. ತಾಮ್ರದ ತಂತಿಯನ್ನು ಪೆನ್ಸಿಲಿಗೆ ಸುತ್ತಿ, ಸುರುಳಿಯನ್ನು ಕತ್ತರಿಸಿದರೆ ಹಲವು ಬಳೆಗಳು ದೊರೆಯುತ್ತವೆ. ಒಂದನ್ನು ಎಡಬಲಕ್ಕೆ ಎಳೆದು, ಇನ್ನೊಂದನ್ನು ಓರೆಯಾಗಿ ಸರಿಸಿ, ಎರಡನ್ನೂ ಮುಚ್ಚಿ ಹೋಲಿಸಿರಿ. ಮೂರನೆಯದನ್ನು ಮುರಿಯುವವರೆಗೆ ಬಿಡಿಸಿ ಮುಚ್ಚಿ, ಎಷ್ಟು ಸಲ ತಾಳಿತೆಂದು ಎಣಿಸಿರಿ.

ಬೆಸೆದ ಕೊಂಡಿಗಳು, ಒಳಗೆ ಟೊಳ್ಳಾದವು, ಬೆಲೆಬಾಳುವ ಚಿನ್ನದವು ಅಕ್ಕಸಾಲಿಗನ ಪಾಲಿಗಿರಲಿ. ತೆಗೆದ ಕೊಂಡಿಗಳನ್ನು ಮಾತ್ರ ಎಸೆಯದೆ ಡಬ್ಬಿಯಲ್ಲಿಡಿ. ಇಂದಿನ ಪುಟ್ಟ ಕೈ ನಾಳೆ ಬೆಳೆಯುತ್ತದೆ.