ಆಟದ ಕಾಯಕ, ಪಾಠದ ದಾಸೋಹ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕಾಲ್ಚೆಂಡನ್ನು ಕೊಳ್ಳಬಹುದು, ಆಟವನ್ನು ಕೊಳ್ಳಲಾಗದು; ಅದನ್ನು ಗುರುವೇ ಕಲಿಸಬೇಕು. 1971ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಕಾರ್ಲ್‌ಟನ್ ಚಾಪ್‌ಮನ್ನರ ಜೀವನವೇ ಇದಕ್ಕೆ ನಿದರ್ಶನ.

ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಶಿಕ್ಷಣ ಪಡೆದ ಈ ಮಧ್ಯಪಂಕ್ತಿಯ ಆಟಗಾರರು 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿ, ಅದೇ ವರ್ಷ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಮೂರು ಗೋಲುಗಳನ್ನು ಗಳಿಸಿದರು. ಮುಂದೆ ಭಾರತ ತಂಡದ ನಾಯಕರೂ ಆದರು. 2001ರಲ್ಲಿ ಇವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗನ್ನು ಗೆದ್ದಿತು. ತರುವಾಯ ನಿವೃತ್ತರಾಗಿ, ತಾವು ಕಲಿತ ಅಕಾಡೆಮಿಗೇ ತರಬೇತುದಾರರಾಗಿ ಮರಳಿದರು. 2020ರಲ್ಲಿ, 49ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು.

ಆಡಿದ್ದು ಕಾಯಕವಾದರೆ, ಕಲಿಸಿದ್ದು ದಾಸೋಹ. ಶಾಲೆಗೆ ಚೆಂಡನ್ನು ನೀಡುವ ದಾನಿಗಳು ಆಟ ಕಲಿಸುವ ಗುರುವನ್ನೂ ನೆನೆಯಲಿ.